ಓಟಿ, ಹಾಜರಿ, ಡಬಲ್ ಸಂಬಳ: ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬಟ್ಟೆ ಅಂಗಡಿ, ಹೋಟೆಲು, ಮೆಡಿಕಲ್ ಸ್ಟೋರ್, ಸಣ್ಣ ವರ್ಕ್‌ಶಾಪು, ಹೀಗೆ ನಾಲ್ಕಾರು ಕಡೆ ಹಾಜರಿ ಮತ್ತು ಸಂಬಳದ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ತಿಂಗಳ ಕೊನೆ ಬಂತೆಂದರೆ ಎಲ್ಲರದ್ದೂ ಒಂದೇ ರಾಗ: "ಓಟಿ ಕೊಡಲೇಬೇಕಾ? ಎಷ್ಟು ಕೊಡಬೇಕು? ಪುಸ್ತಕದಲ್ಲಿ ಏನಂತ ಬರೀಲಿ?" ಓಟಿ ಅಂದರೆ ಓವರ್‌ಟೈಮ್, ಮಿತಿ ದಾಟಿ ಮಾಡಿದ ಕೆಲಸ ಮತ್ತು ಅದಕ್ಕೆ ಕೊಡುವ ದುಡ್ಡು. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದು ಹಾಕಿದ್ದೇನೆ. ಇದು ಕರ್ನಾಟಕದ ಮಾಲೀಕರಿಗೆ. ಆದರೆ ಕೆಲಸಕ್ಕಿರುವವರು ಓದಿದರೂ ನಷ್ಟವೇನಿಲ್ಲ.

ನನ್ನದು ಸಣ್ಣ ಅಂಗಡಿ, ಇಬ್ಬರೇ ಹುಡುಗರು. ನನಗೂ ಇದೆಲ್ಲ ಅನ್ವಯಿಸುತ್ತಾ?

ಅನ್ವಯಿಸುತ್ತದೆ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಎಲ್ಲರೂ ಅದನ್ನು ಶಾಪ್ಸ್ ಆಕ್ಟ್ ಅಂತಲೇ ಕರೆಯುತ್ತಾರೆ. ಒಬ್ಬ ನೌಕರ ಇದ್ದರೂ ಅವನ ಕೆಲಸದ ಹೊತ್ತಿಗೆ ಲೆಕ್ಕ ಇಡಬೇಕು. ಅಂಗಡಿ ಎಂದರೆ ಬರೀ ಕಿರಾಣಿ ಅಂಗಡಿಯಲ್ಲ. ಹೋಟೆಲು, ಸಿನಿಮಾ ಥಿಯೇಟರು, ಖಾಸಗಿ ಆಫೀಸು, ಸಾಫ್ಟ್‌ವೇರ್ ಕಂಪನಿ ಎಲ್ಲವೂ ಇದರಡಿ ಬರುತ್ತವೆ.

ಮನೆಯವರನ್ನು ಈ ಕಾಯ್ದೆ ನೌಕರರೆಂದು ನೋಡುವುದಿಲ್ಲ. ನಿಮ್ಮ ಹೆಂಡತಿ ಅಥವಾ ಮಗ ಗಲ್ಲಾಪೆಟ್ಟಿಗೆಯಲ್ಲಿ ಕೂತರೆ ಅವರಿಗೆ ಹಾಜರಿ ಬೇಡ. ಆದರೆ "ಅವನು ನಮ್ಮ ಮನೆಯವನ ಥರಾನೇ ಸಾರ್" ಎಂದು ಊರಿನಿಂದ ಕರೆತಂದ ಹುಡುಗನನ್ನು ಆ ಲೆಕ್ಕಕ್ಕೆ ಸೇರಿಸುವಂತಿಲ್ಲ. ಥರ ಬೇರೆ, ಮನೆಯವರು ಬೇರೆ.

ಇದರ ಮೇಲೆ ಕೇಂದ್ರದ ಸಂಹಿತೆಗಳೂ ಇವೆ. ವೇತನ ಸಂಹಿತೆ 2019ರದ್ದು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2020ರದ್ದು. ಎರಡೂ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಹಳೆಯ ಕನಿಷ್ಠ ವೇತನ ಕಾಯ್ದೆ, ವೇತನ ಪಾವತಿ ಕಾಯ್ದೆ, ಕಾರ್ಖಾನೆ ಕಾಯ್ದೆಗಳ ಜಾಗಕ್ಕೆ ಇವು ಬಂದಿವೆ. ಶಾಪ್ಸ್ ಆಕ್ಟ್ ರಾಜ್ಯದ ಕಾಯ್ದೆ, ಅದು ಹಾಗೇ ಇದೆ.

ದಿನಕ್ಕೆ ಎಷ್ಟು ಹೊತ್ತು ದುಡಿಸಬಹುದು?

ಶಾಪ್ಸ್ ಆಕ್ಟ್ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓಟಿ ಸೇರಿಸಿಯೂ ದಿನಕ್ಕೆ 10 ಗಂಟೆ ದಾಟಬಾರದು. ಸ್ಟಾಕ್ ಎಣಿಸುವ ದಿನ, ಲೆಕ್ಕ ಮುಗಿಸುವ ದಿನಗಳಿಗೆ ಮಾತ್ರ ಸ್ವಲ್ಪ ಸಡಿಲಿಕೆ ಇದೆ. ಮೂರು ತಿಂಗಳಲ್ಲಿ ಓಟಿ ಒಟ್ಟು 50 ಗಂಟೆ ಮೀರಬಾರದು. ಐದು ಗಂಟೆ ಸತತ ಕೆಲಸ ಮಾಡಿದ ಮೇಲೆ ಒಂದು ಗಂಟೆ ಬಿಡುವು ಕೊಡಬೇಕು. ವಾರಕ್ಕೊಂದು ಪೂರ್ತಿ ರಜೆ ಕೊಡಬೇಕು.

ಹತ್ತು ಅಥವಾ ಹೆಚ್ಚು ಜನ ಇರುವ ಕಡೆಗೆ ಕೇಂದ್ರದ 2020ರ ಸಂಹಿತೆಯೂ ಬರುತ್ತದೆ. ಅದು ದಿನಕ್ಕೆ 8 ಗಂಟೆ ಎನ್ನುತ್ತದೆ. ಹಾಗಾಗಿ ರೋಸ್ಟರ್ (ಯಾರು ಯಾವಾಗ ಕೆಲಸಕ್ಕೆ ಎಂಬ ಪಟ್ಟಿ) ಹಾಕುವಾಗಲೇ 8 ಗಂಟೆ ಹಿಡಿದು ಹಾಕಿ ಅಂತ ನಾನು ಎಲ್ಲರಿಗೂ ಹೇಳುವುದು. ಯಾವ ಕಾಯ್ದೆ ಯಾವಾಗ ಎಂದು ತಲೆ ಕೆಡಿಸಿಕೊಳ್ಳುವ ಕೆಲಸ ತಪ್ಪುತ್ತದೆ.

ನಮ್ಮ ಹೋಟೆಲಲ್ಲಿ ಬೆಳಿಗ್ಗೆ ಆರಕ್ಕೆ ಬರ್ತಾರೆ, ಮಧ್ಯಾಹ್ನ ಮಲಗ್ತಾರೆ, ಸಂಜೆ ಮತ್ತೆ ಬರ್ತಾರೆ. ಒಟ್ಟು ಎಂಟೇ ಗಂಟೆ. ಸರಿ ಅಲ್ವಾ?

ಸರಿಯಿಲ್ಲ. ಕೆಲಸ, ಬಿಡುವು ಎರಡನ್ನೂ ಸೇರಿಸಿ ಮೊದಲ ನಿಮಿಷದಿಂದ ಕೊನೆಯ ನಿಮಿಷದ ತನಕ 12 ಗಂಟೆ ಮೀರಬಾರದು. ಬೆಳಿಗ್ಗೆ ಆರಕ್ಕೆ ಇಡ್ಲಿ ತಟ್ಟೆ ಇಳಿಸಿದ ಹುಡುಗ ರಾತ್ರಿ ಒಂಬತ್ತೂವರೆಗೆ ಟೇಬಲ್ ಒರೆಸುತ್ತಿದ್ದರೆ ಅದು ಹದಿನೈದೂವರೆ ಗಂಟೆ. ನಡುವೆ ಎಷ್ಟು ಮಲಗಿದ ಎನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಎರಡು ಬ್ಯಾಚ್ ಮಾಡಿ. ಬೇರೆ ದಾರಿ ನನಗಂತೂ ಕಂಡಿಲ್ಲ.

ಓಟಿ ಎಣಿಸೋದು ದಿನಕ್ಕಾ, ವಾರಕ್ಕಾ?

ಎರಡಕ್ಕೂ. ಮಾಲೀಕರು ಅತಿ ಹೆಚ್ಚು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲ ಲೆಕ್ಕ. ನಿಮ್ಮ ನೌಕರ ಆರು ದಿನವೂ ಒಂಬತ್ತೊಂಬತ್ತು ಗಂಟೆ ಕೆಲಸ ಮಾಡಿದ. ಯಾವ ದಿನವೂ 9 ದಾಟಿಲ್ಲ. ಓಟಿ ಇಲ್ಲ ಅಂದುಕೊಳ್ಳುತ್ತೀರಿ. ಆದರೆ ಆರೊಂಬತ್ತಲೇ 54. ವಾರದ 48 ಕಳೆದರೆ 6 ಗಂಟೆ ಓಟಿ ಆಯಿತು.

ಎರಡನೆಯದು ಇದರ ಉಲ್ಟಾ. ಸೋಮವಾರ ಲೋಡ್ ಬಂತು, 11 ಗಂಟೆ ನಿಂತ. ಮಂಗಳವಾರ 9, ಆಮೇಲೆ ಮೂರು ದಿನ ಎಂಟೆಂಟು. ಶನಿವಾರ ಊರಿಗೆ ಹೋದ. ವಾರದ ಮೊತ್ತ 44. "48 ಆಗೇ ಇಲ್ವಲ್ಲ ಸಾರ್" ಅಂತ ಮಾಲೀಕರು ವಾದ ಮಾಡುತ್ತಾರೆ. ಸೋಮವಾರದ ಎರಡು ಗಂಟೆಗೆ ಓಟಿ ಕೊಡಲೇಬೇಕು. ದಿನದ ಮಿತಿ ದಾಟಿದ್ದು ದಿನಕ್ಕೇ ಮುಗಿಯಿತು. ಶನಿವಾರದ ರಜೆ ಅದನ್ನು ಅಳಿಸುವುದಿಲ್ಲ.

ಹನ್ನೊಂದು ಗಂಟೆ ನಿಲ್ಲಿಸಿದ್ದೇ ತಪ್ಪು, 10ರ ಮಿತಿ ದಾಟಿದೆ. ಅದು ಬೇರೆ ವಿಷಯ. ಮಿತಿ ದಾಟಿದ ಗಂಟೆ ಪುಸ್ತಕದಲ್ಲಿ ಕಾಣಬಾರದು ಅಂತ ಕೆಲವರು ಅದಕ್ಕೆ ದುಡ್ಡೂ ಕೊಡುವುದಿಲ್ಲ. ಹಾಗೆ ಮಾಡಿದರೆ ಒಂದು ತಪ್ಪು ಎರಡಾಗುತ್ತದೆ ಅಷ್ಟೇ.

ಯಾವ ಹೊತ್ತು ಕೆಲಸ, ಯಾವುದು ಅಲ್ಲ?

ನೌಕರ ನಿಮ್ಮ ಕೈಕೆಳಗೆ, ನಿಮ್ಮ ಮಾತಿಗೆ ಸಿಗುವಂತೆ ಇದ್ದ ಹೊತ್ತೆಲ್ಲ ಕೆಲಸದ ಹೊತ್ತು. ಊಟದ, ವಿಶ್ರಾಂತಿಯ ಬಿಡುವು ಮಾತ್ರ ಇದರಿಂದ ಹೊರಗೆ.

ಚಿಕ್ಕಪೇಟೆ ಕಡೆ ಬಟ್ಟೆ ಅಂಗಡಿಯೊಂದನ್ನು ಮನಸ್ಸಿಗೆ ತಂದುಕೊಳ್ಳಿ. ರಾತ್ರಿ ಎಂಟಕ್ಕೆ ಅರ್ಧ ಶಟರ್ ಇಳಿಯುತ್ತದೆ. ಗಿರಾಕಿಗೆ ಅಂಗಡಿ ಮುಚ್ಚಿತು. ಒಳಗೆ ಮಾತ್ರ ಗಾದಿಯ ಮೇಲೆ ಬಿಚ್ಚಿ ಹರಡಿದ ನಲವತ್ತು ಸೀರೆ. ಸೇಲ್ಸ್ ಹುಡುಗಿಯರು ಒಂದೊಂದನ್ನೇ ಸೆರಗು ಸೆರಗಿಗೆ ಸೇರಿಸಿ ಮಡಿಸಿ, ಕವರಿಗೆ ಹಾಕಿ, ಬಣ್ಣ ನೋಡಿ ಅಟ್ಟಕ್ಕೆ ಏರಿಸಬೇಕು. ಅತ್ತ ಕ್ಯಾಶ್ ಟ್ಯಾಲಿ. ಇನ್ನೂರು ರೂಪಾಯಿ ಕಮ್ಮಿ ಬಂತೆಂದು ಎಲ್ಲರನ್ನೂ ನಿಲ್ಲಿಸಿಕೊಂಡು ಮತ್ತೆ ಎಣಿಕೆ. ಅವರು ಚಪ್ಪಲಿ ಮೆಟ್ಟುವಾಗ ಗಂಟೆ ಒಂಬತ್ತು. ಪುಸ್ತಕದಲ್ಲಿ ಇರುವುದು "ಹೋದ ಸಮಯ: 8:00". ಈ ಒಂದು ಗಂಟೆ ದಿನಾ ಕಳೆದು ಹೋಗುತ್ತದೆ. ತಿಂಗಳಿಗೆ ಇಪ್ಪತ್ತಾರು ಗಂಟೆ. ಓಟಿ ತಕರಾರುಗಳಲ್ಲಿ ನಾನು ಜಾಸ್ತಿ ನೋಡಿರುವುದು ಇದನ್ನೇ. ಹಬ್ಬದ ಸೀಸನ್ ಅಲ್ಲ, ಈ ದಿನದಿನದ ಒಂದು ಗಂಟೆ.

ಊಟದ ಬಿಡುವೂ ಹಾಗೆಯೇ. ಮೆಡಿಕಲ್ ಸ್ಟೋರಿನ ಹುಡುಗ ಕೌಂಟರಿನ ಹಿಂದೆಯೇ ಡಬ್ಬಿ ಬಿಚ್ಚಿ, ಗಿರಾಕಿ ಬಂದಾಗಲೆಲ್ಲ ಕೈ ತೊಳೆದು ಎದ್ದರೆ ಅದು ಬಿಡುವಲ್ಲ. ಹೊರಗೆ ಹೋಗಿ ಬರುವ ಸ್ವಾತಂತ್ರ್ಯ ಇದ್ದರೆ ಬಿಡುವು.

ಯಾವ ಪುಸ್ತಕ ಇಡಬೇಕು?

ಶಾಪ್ಸ್ ಆಕ್ಟಿನಡಿ ಹಾಜರಿ ಮತ್ತು ಸಂಬಳ ಎರಡಕ್ಕೂ ಸೇರಿ ಒಂದೇ ರಿಜಿಸ್ಟರ್ ಇದೆ. ಫಾರ್ಮ್ ಟಿ. ಕೆಲಸಕ್ಕೆ ಸೇರಿಸಿಕೊಂಡಾಗ ನೇಮಕಾತಿ ಪತ್ರ ಕೊಡಬೇಕು, ಅದು ಫಾರ್ಮ್ ಕ್ಯೂ. ಕೇಂದ್ರದ ಸಂಹಿತೆಗಳ ಪ್ರಕಾರವೂ ಹಾಜರಿ, ಕೆಲಸದ ಗಂಟೆ, ವಾರದ ರಜೆಯ ದಿನ, ಓಟಿ, ಕೊಟ್ಟ ಸಂಬಳ, ರಜೆ ಇವೆಲ್ಲ ದಾಖಲೆಯಲ್ಲಿರಬೇಕು. ಕಂಪ್ಯೂಟರಿನಲ್ಲಿ ಇಟ್ಟರೂ ನಡೆಯುತ್ತದೆ. ಪ್ರತಿ ತಿಂಗಳೂ ನೌಕರನ ಕೈಗೆ ವೇತನ ಚೀಟಿ ಕೊಡಬೇಕು. ಓಟಿ ಅದರಲ್ಲಿ ಬೇರೆ ಸಾಲಾಗಿ ಕಾಣಲಿ.

ಯಾವ ಫಾರ್ಮು ಎನ್ನುವುದಕ್ಕಿಂತ ಯಾವಾಗ ಬರೆದಿರಿ ಎನ್ನುವುದೇ ಮುಖ್ಯ. ಒಮ್ಮೆ ಒಂದು ಅಂಗಡಿಯಲ್ಲಿ ಹಾಜರಿ ಪುಸ್ತಕ ಕೇಳಿದೆ. ಅಚ್ಚುಕಟ್ಟಾಗಿತ್ತು. ಒಂದೇ ನೀಲಿ ಪೆನ್ನು, ಒಂದೇ ಅಕ್ಷರ, ಎಲ್ಲರೂ ಸರಿಯಾಗಿ 9:30ಕ್ಕೆ ಬಂದು 6:30ಕ್ಕೆ ಹೋಗಿದ್ದಾರೆ. ಆವತ್ತು ತಾರೀಖು 22. ಪುಸ್ತಕದಲ್ಲಿ 24ರ ತನಕ ಹಾಜರಿ ಬಿದ್ದಿತ್ತು! "ಕೈಗೆ ಬಂತು ಸಾರ್, ಬರೆದುಬಿಟ್ಟೆ" ಎಂದ ಕ್ಲರ್ಕು. ಅಂಥ ಪುಸ್ತಕಕ್ಕಿಂತ ಗೀಚುಗೀಚಾದ, ಟೀ ಕಲೆ ಬಿದ್ದ, ನೌಕರನೇ ದಿನಾ ಸಹಿ ಹಾಕಿದ ಪುಸ್ತಕಕ್ಕೆ ಬೆಲೆ ಜಾಸ್ತಿ. ನಿಜವಾಗಿ ಯಾರೂ ತಿಂಗಳಿಡೀ ಒಂದೇ ನಿಮಿಷಕ್ಕೆ ಬರುವುದಿಲ್ಲ. ನೋಡುವವರಿಗೂ ಅದು ಗೊತ್ತು.

ಪುಸ್ತಕ ಇಲ್ಲದಿದ್ದರೆ ಏನಾಗುತ್ತೆ? ಓಟಿ ಮಾಡಿದ್ದಕ್ಕೆ ಅವನ ಹತ್ತಿರವೂ ಸಾಕ್ಷಿ ಇಲ್ಲವಲ್ಲ?

ಈ ಧೈರ್ಯದ ಮೇಲೆ ಕೂತವರು ಬಹಳ ಜನ. ವೇತನ ಸಂಹಿತೆಯ ಕಲಂ 59 ಓದಿ. ಸಂಬಳ ಬಂದಿಲ್ಲ, ಕಮ್ಮಿ ಬಂದಿದೆ ಎಂದು ನೌಕರ ಕ್ಲೇಮ್ ಹಾಕಿದರೆ, ಕೊಟ್ಟಿದ್ದೇನೆ ಎಂದು ತೋರಿಸುವ ಹೊಣೆ ಮಾಲೀಕರದ್ದು. ನಿಮ್ಮ ಹತ್ತಿರ ಪುಸ್ತಕ ಇಲ್ಲ. ಅವನ ಹತ್ತಿರ ರಾತ್ರಿ ಒಂಬತ್ತೂಕಾಲಿಗೆ ನೀವೇ ಕಳಿಸಿದ "ಸ್ಟಾಕ್ ಎಣಿಸಿದ್ಯಾ?" ಎಂಬ ವಾಟ್ಸಾಪ್ ಮೆಸೇಜುಗಳಿವೆ. ಮುಂದಿನದ್ದು ನೀವೇ ಊಹಿಸಿ.

ಕ್ಲೇಮ್ ಹಾಕಲು ಮೂರು ವರ್ಷ ಕಾಲಾವಕಾಶ ಇದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನ ತನಕ ಪರಿಹಾರ ಕೊಡಿಸಲು ಅವಕಾಶ ಇದೆ. ಕೊಡಬೇಕಾದ್ದಕ್ಕಿಂತ ಕಮ್ಮಿ ಕೊಟ್ಟರೆ 50,000 ರೂಪಾಯಿ ತನಕ ದಂಡ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪಿಗೆ ಸಿಕ್ಕಿಬಿದ್ದರೆ ಮೂರು ತಿಂಗಳ ತನಕ ಜೈಲು, ಅಥವಾ ಒಂದು ಲಕ್ಷದ ತನಕ ದಂಡ, ಅಥವಾ ಎರಡೂ. ಬರೀ ಪುಸ್ತಕ ಸರಿಯಾಗಿ ಇಡದ್ದಕ್ಕೇ 10,000ದ ತನಕ ದಂಡ ಬೀಳಬಹುದು. ಹಳೇ ರಿಜಿಸ್ಟರನ್ನು ಕ್ಲೇಮಿನ ಆ ಮೂರು ವರ್ಷವಾದರೂ ಎಸೆಯಬೇಡಿ. ನಾನು ಐದು ವರ್ಷ ಇಡಿಸುತ್ತೇನೆ.

ಬೆರಳಚ್ಚಿನ ಮೆಷಿನ್ ಹಾಕಿಸಿದ್ದೇವೆ. ಇನ್ನೇನು ಚಿಂತೆ?

ಮೆಷಿನ್ ಹಾಕಿಸಿ ಆಮೇಲೆ ಅದರ ರಿಪೋರ್ಟನ್ನು ಎಕ್ಸೆಲ್‌ನಲ್ಲಿ ತಿದ್ದುವವರನ್ನು ನೋಡಿದ್ದೇನೆ. ಅದಕ್ಕಿಂತ ಪುಸ್ತಕವೇ ವಾಸಿ. ಸೆಟ್ಟಿಂಗ್ ಕೂಡ ನೋಡಿಕೊಳ್ಳಿ. ಕೆಲವು ಕಡೆ 6:30 ಆದ ಮೇಲೆ ಒತ್ತಿದ್ದೆಲ್ಲ 6:30 ಎಂದೇ ದಾಖಲಾಗುವಂತೆ ಮಾಡಿರುತ್ತಾರೆ. ಬೆಳಿಗ್ಗೆ ಹತ್ತು ನಿಮಿಷ ತಡವಾದದ್ದನ್ನು ಮಾತ್ರ ನಿಮಿಷ ನಿಮಿಷವೂ ಹಿಡಿಯುತ್ತದೆ! ಮೆಷಿನಿಗೆ ಒಂದೇ ಕಣ್ಣಾದರೆ ಅದು ಯಾರ ಕಡೆಯದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಕರೆಂಟ್ ಹೋದಾಗ, ಬೆರಳು ಹಿಡಿಯದಾಗ ಬರೆಯಲು ಪಕ್ಕದಲ್ಲಿ ಒಂದು ಪುಸ್ತಕ ಇಡಿ. ಪಾತ್ರೆ ತೊಳೆಯುವವರ, ಸಿಮೆಂಟ್ ಕೆಲಸದವರ ಬೆರಳಚ್ಚು ಸವೆದು ಎಷ್ಟೋ ಸಲ ಬೀಳುವುದೇ ಇಲ್ಲ. ಅದಕ್ಕೆ ಅವರಿಗೆ ಗೈರುಹಾಜರಿ ಹಾಕಬೇಡಿ.

ಸರಿ, ದುಡ್ಡಿನ ಲೆಕ್ಕ ಹೇಳಿ. ಗಂಟೆಗೆ ಎಷ್ಟು?

ಮಾಮೂಲಿ ಸಂಬಳದ ಎರಡರಷ್ಟು. ಸಿಂಗಲ್ ಅಲ್ಲ, ಒಂದೂವರೆಯೂ ಅಲ್ಲ, ಡಬಲ್.

ಮಾಮೂಲಿ ಸಂಬಳ ಎಂದರೆ ಬೇಸಿಕ್ (ಮೂಲ ವೇತನ) ಮಾತ್ರ ಅಲ್ಲ. ಶಾಪ್ಸ್ ಆಕ್ಟಿನಲ್ಲಿ ಬೇಸಿಕ್ ಜೊತೆಗೆ ನೌಕರನಿಗೆ ಸಿಗುವ ಭತ್ಯೆಗಳೂ ಸೇರುತ್ತವೆ. ಬೋನಸ್ ಸೇರುವುದಿಲ್ಲ.

ಒಂದು ಉದಾಹರಣೆ. ಬೇಸಿಕ್ 10,400. ತುಟ್ಟಿಭತ್ಯೆ 6,000. ಇತರ ಭತ್ಯೆ 1,800. ಒಟ್ಟು 18,200. ತಿಂಗಳಿಗೆ 26 ಕೆಲಸದ ದಿನ ಹಿಡಿಯುವುದು ರೂಢಿ, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ಮೊತ್ತ) ಲೆಕ್ಕದಲ್ಲೂ ಇದೇ 26 ಬರುತ್ತದೆ. 18,200ನ್ನು 26ರಿಂದ ಭಾಗಿಸಿದರೆ ದಿನಕ್ಕೆ 700. ಎಂಟರಿಂದ ಭಾಗಿಸಿದರೆ ಗಂಟೆಗೆ 87 ರೂಪಾಯಿ 50 ಪೈಸೆ. ಅದರ ಡಬಲ್ 175. ತಿಂಗಳಲ್ಲಿ 14 ಗಂಟೆ ಓಟಿ ಆಗಿದ್ದರೆ 2,450 ರೂಪಾಯಿ.

ಬೇಸಿಕ್ ಮಾತ್ರ ಹಿಡಿದರೆ ಗಂಟೆಗೆ 50, ಡಬಲ್ 100, ಒಟ್ಟು 1,400. ಒಬ್ಬ ನೌಕರನಿಗೆ ಒಂದೇ ತಿಂಗಳಲ್ಲಿ 1,050 ರೂಪಾಯಿ ವ್ಯತ್ಯಾಸ. ಎಂಟು ಜನ, ಮೂರು ವರ್ಷ ಎಂದು ಗುಣಿಸಿ ನೋಡಿದರೆ ಮಾಲೀಕರ ಮುಖ ಬದಲಾಗುತ್ತದೆ.

ದಿನದ ಮಿತಿ 9 ಅಲ್ವಾ, 9ರಿಂದ ಯಾಕೆ ಭಾಗಿಸಬಾರದು ಅಂತ ಕೇಳುತ್ತಾರೆ. ಆರು ದಿನಕ್ಕೆ 48 ಗಂಟೆ ಎಂದರೆ ದಿನಕ್ಕೆ ಎಂಟೇ. 30ರಿಂದ ಭಾಗಿಸುವುದೂ ಬೇಡ. ಭಾನುವಾರ ಅವನು ಕೆಲಸ ಮಾಡಿಲ್ಲವಲ್ಲ.

"ನಿನ್ನ ಸಂಬಳದಲ್ಲೇ ಓಟಿ ಸೇರಿದೆ" ಅಂತ ಮೊದಲೇ ಮಾತಾಡಿಕೊಂಡಿದ್ದೇವೆ. ನಡೆಯುತ್ತಾ?

ಇಲ್ಲ. ಬರೆಸಿಕೊಂಡಿದ್ದರೂ ನಡೆಯುವುದಿಲ್ಲ. ಕಾನೂನು ಕೊಟ್ಟದ್ದನ್ನು ಮಾತಿನಲ್ಲಿ ಬಿಟ್ಟುಕೊಡಿಸಲು ಆಗುವುದಿಲ್ಲ. ದೀಪಾವಳಿಗೆ ಕವರಿನಲ್ಲಿ ಕೊಟ್ಟ ಎರಡು ಸಾವಿರ, ಸ್ವೀಟ್ ಬಾಕ್ಸು, ಆಯುಧಪೂಜೆಯ ದಿನದ ಬಟ್ಟೆ ಇವೂ ಓಟಿಗೆ ಜಮಾ ಆಗುವುದಿಲ್ಲ. ಪ್ರೀತಿಯಿಂದ ಕೊಟ್ಟದ್ದು ಪ್ರೀತಿಯ ಖಾತೆಗೇ ಹೋಗುತ್ತದೆ.

ನಾನು ಇರು ಅಂತ ಹೇಳೇ ಇರಲಿಲ್ಲ. ಅವನೇ ಉಳಿದುಕೊಂಡ.

ಕಣ್ಣೆದುರು ಕೆಲಸ ನಡೆಯುತ್ತಿದೆ, ನೀವು ಸುಮ್ನೆ ನೋಡುತ್ತಿದ್ದೀರಿ. ಆ ಕೆಲಸದ ಲಾಭ ನಿಮಗೇ ಬಂದಿದೆ. ಬೇಡ ಎಂದಿದ್ದರೆ ಕಳಿಸಬೇಕಿತ್ತು. ಇನ್ನು ಮುಂದೆ ಓಟಿಗೆ ಮೊದಲೇ ಒಂದು ಚೀಟಿ ಬರೆಯುವ ಪದ್ಧತಿ ಮಾಡಿ. ಆದರೆ ಚೀಟಿ ಇಲ್ಲ ಎಂಬ ಕಾರಣಕ್ಕೆ ಆಗಿಹೋದ ಕೆಲಸದ ದುಡ್ಡು ತಡೆಯಬೇಡಿ. ಇನ್ನೊಂದು ಮಾತು. 2020ರ ಸಂಹಿತೆಯಡಿ ಓಟಿಗೆ ಕೆಲಸಗಾರನ ಒಪ್ಪಿಗೆ ಬೇಕು. ಆಗಲ್ಲ ಎಂದವನನ್ನು ಮರುದಿನದಿಂದ ಗೋಡೌನಿಗೆ ಹಾಕುವುದು ಒಪ್ಪಿಗೆ ಪಡೆಯುವ ರೀತಿಯಲ್ಲ.

ದುಡ್ಡಿನ ಬದಲು ಇನ್ನೊಂದು ದಿನ ರಜೆ ಕೊಟ್ಟರೆ?

ಎರಡು ಸಂಗತಿ ಇಲ್ಲಿ ಕಲಸಿಹೋಗುತ್ತವೆ. ವಾರದ ರಜೆಯ ದಿನ ಕರೆಸಿದರೆ ಬದಲಿ ರಜೆ ಕೊಡಬೇಕು, ಅದು ನೌಕರನ ಹಕ್ಕು. ದಿನದ, ವಾರದ ಮಿತಿ ದಾಟಿದ ಗಂಟೆಗೆ ಮಾತ್ರ ಕಾನೂನು ಹೇಳುವುದು ದುಡ್ಡನ್ನೇ.

ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆ ಕರ್ನಾಟಕದಲ್ಲಿ 1963ರ ಬೇರೆ ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಕೆಲವು ಹಬ್ಬದ ದಿನಗಳು. ಆ ದಿನ ಕೆಲಸ ಮಾಡಿಸಿದರೆ ಡಬಲ್ ಸಂಬಳ, ಇಲ್ಲವೇ ಆ ದಿನದ ಸಂಬಳದ ಜೊತೆಗೆ ಸಂಬಳ ಸಹಿತ ಬದಲಿ ರಜೆ. ರಾಜ್ಯೋತ್ಸವಕ್ಕೆ ಅಂಗಡಿ ಮುಂದೆ ಬಾವುಟ ಕಟ್ಟಿ, ಒಳಗೆ ಮಾಮೂಲಿ ಸಂಬಳಕ್ಕೆ ದುಡಿಸುವುದು ಮಾತ್ರ ಬೇಡ.

ಮ್ಯಾನೇಜರ್‌ಗೂ ಓಟಿ ಕೊಡಬೇಕಾ?

ನಿಜವಾದ ಮ್ಯಾನೇಜರ್ ಆದರೆ ಬೇಡ. ಆಡಳಿತದ ಸ್ಥಾನದಲ್ಲಿರುವವರನ್ನು ಶಾಪ್ಸ್ ಆಕ್ಟ್ ಹೊರಗಿಟ್ಟಿದೆ. ಆದರೆ ಐಡಿ ಕಾರ್ಡಿನಲ್ಲಿ "ಫ್ಲೋರ್ ಮ್ಯಾನೇಜರ್" ಎಂದು ಬರೆಸಿ, ಕೆಲಸ ಮಾತ್ರ ಬಾಕ್ಸ್ ಎತ್ತಿಡುವುದು, ಬಿಲ್ ಹಾಕುವುದು ಆಗಿದ್ದರೆ? ನೋಡುವುದು ಕೆಲಸವನ್ನು, ಕಾರ್ಡನ್ನಲ್ಲ. ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳುವ, ರಜೆ ಮಂಜೂರು ಮಾಡುವ ಅಧಿಕಾರ ಅವನಿಗೆ ಇದೆಯಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. 2020ರ ಸಂಹಿತೆಯಲ್ಲಿ ಸೂಪರ್‌ವೈಸರ್ ಕೆಲಸದವರು ತಿಂಗಳಿಗೆ 18,000ಕ್ಕಿಂತ ಜಾಸ್ತಿ ಪಡೆಯುತ್ತಿದ್ದರೆ ಮಾತ್ರ ಕೆಲಸಗಾರ ಎಂಬ ವ್ಯಾಖ್ಯೆಯಿಂದ ಹೊರಗೆ ಉಳಿಯುತ್ತಾರೆ.

ಐಟಿ ಕಂಪನಿಗಳಿಗೆ ವಿನಾಯಿತಿ ಇದೆಯಂತೆ?

ವಿನಾಯಿತಿ ಇದ್ದದ್ದು ಸ್ಥಾಯಿ ಆದೇಶಗಳ ಕಾಯ್ದೆಯಿಂದ, ಅಂದರೆ ಕೆಲಸದ ಷರತ್ತುಗಳನ್ನು ಬರೆದಿಡಬೇಕು ಎನ್ನುವ ಕಾಯ್ದೆಯಿಂದ. ಕೆಲಸದ ಗಂಟೆಯಿಂದ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. 2024ರಲ್ಲಿ ದಿನಕ್ಕೆ 14 ಗಂಟೆಯ ಪ್ರಸ್ತಾಪದ ಸುದ್ದಿ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿಯಿತು. 2025ರಲ್ಲಿ ಶಾಪ್ಸ್ ಆಕ್ಟ್ ತಿದ್ದಿ ಗಂಟೆ ಏರಿಸುವ ಮಾತು ಬಂದಾಗಲೂ ಅಷ್ಟೇ. ಪ್ರಸ್ತಾಪ ಪೇಪರಿನಲ್ಲಿ ಬಂದ ದಿನವೇ ರೋಸ್ಟರ್ ಬದಲಿಸಲು ಹೊರಡುವ ಮಾಲೀಕರಿದ್ದಾರೆ. ಪ್ರಸ್ತಾಪ ಕಾನೂನಲ್ಲ.

ಕಾರ್ಖಾನೆಗಳಲ್ಲಿ 12 ಗಂಟೆ ಮಾಡಿದ್ದಾರಲ್ವಾ?

ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯ ತನಕ ದಾರಿ ಮಾಡಿತು. ಮೂರು ತಿಂಗಳ ಓಟಿ ಮಿತಿಯನ್ನು 75ರಿಂದ 144ಕ್ಕೆ ಏರಿಸಿತು. ವಾರದ 48 ಗಂಟೆ ಮಾತ್ರ ಹಾಗೇ ಉಳಿಯಿತು. ಅಂದರೆ ನಾಲ್ಕು ದಿನ 12 ಗಂಟೆ ದುಡಿದರೆ ವಾರ ಮುಗಿದ ಹಾಗೆ. ಆರು ದಿನ 12 ಗಂಟೆ ಅಂತ ಅರ್ಥ ಮಾಡಿಕೊಂಡವರೇ ಜಾಸ್ತಿ. ಈಗ ಕಾರ್ಖಾನೆ ಕಾಯ್ದೆಯ ಜಾಗದಲ್ಲಿ 2020ರ ಸಂಹಿತೆ ಇದೆ. ಅಲ್ಲಿಯೂ ಓಟಿಗೆ ಡಬಲ್ಲೇ.

ಗಾರ್ಮೆಂಟ್ಸ್ ಕಡೆಯವರಿಗೆ ಒಂದು ಮಾತು. ಟಾರ್ಗೆಟ್ ಮುಗಿದಿಲ್ಲವೆಂದು ಅರ್ಧ ಗಂಟೆ ಕೂರಿಸಿಕೊಂಡರೆ ಅದೂ ಕೆಲಸದ ಹೊತ್ತೇ. ಗಂಟೆ ಓಡುವುದು ಗಡಿಯಾರದ ಮೇಲೆ, ಪೀಸಿನ ಮೇಲೆ ಅಲ್ಲ.

ಗುತ್ತಿಗೆದಾರನ ಕಡೆಯ ಹುಡುಗರು. ಅವರ ಓಟಿ ನನ್ನ ತಲೆನೋವಾ?

ಮೊದಲು ಗುತ್ತಿಗೆದಾರನದ್ದು. ಅವನು ಕೊಡದಿದ್ದರೆ ನಿಮ್ಮದೇ. ಪ್ರತಿ ತಿಂಗಳೂ ಅವನ ಬಿಲ್ ಪಾಸು ಮಾಡುವ ಮುಂಚೆ ಹಾಜರಿ ಪುಸ್ತಕದ ಮತ್ತು ಸಂಬಳ ಪಾವತಿಯ ನಕಲು ಕೇಳಿ.

ತಡವಾಗಿ ಬಂದರೆ ಅರ್ಧ ದಿನ ಕಟ್ ಮಾಡ್ತೀವಿ. ತಪ್ಪಾ?

ಹತ್ತು ನಿಮಿಷ ತಡವಾದರೆ ಹತ್ತು ನಿಮಿಷದ ಸಂಬಳ ಹಿಡಿಯಬಹುದು. ಗೈರಾದ ಹೊತ್ತಿಗೆ ಸರಿಯಾಗಿ ಎಷ್ಟೋ ಅಷ್ಟೇ. ಹಾಗೆಯೇ ನಿನ್ನೆಯ ಓಟಿಗೆ ಇವತ್ತಿನ ತಡವನ್ನು ವಜಾ ಹಾಕುವುದೂ ಬೇಡ. ಡಬಲ್ ದರದ ಗಂಟೆಯನ್ನು ಸಿಂಗಲ್ ದರದ ಗಂಟೆಯ ಜೊತೆ ಸರಿದೂಗಿಸಿದ ಹಾಗಾಗುತ್ತದೆ.

ಓಟಿ ದುಡ್ಡು ಯಾವಾಗ ಕೊಡಬೇಕು?

ತಿಂಗಳ ಸಂಬಳದ ಜೊತೆಗೇ, ಮುಂದಿನ ತಿಂಗಳ 7ನೇ ತಾರೀಖಿನೊಳಗೆ. ಕೆಲಸ ಬಿಟ್ಟವರಿಗೆ ಅಥವಾ ತೆಗೆದವರಿಗೆ ಎರಡು ಕೆಲಸದ ದಿನದೊಳಗೆ ಎಲ್ಲ ಬಾಕಿ ತೀರಿಸಬೇಕು. "ಹಬ್ಬ ಆದ ಮೇಲೆ ಬಾ" ಎನ್ನುವಂತಿಲ್ಲ.

ನಾನು ನೌಕರ. ಓಟಿ ಕೊಡುತ್ತಿಲ್ಲ. ಏನು ಮಾಡಲಿ?

ಇವತ್ತಿನಿಂದಲೇ ನಿಮ್ಮದೇ ಒಂದು ಸಣ್ಣ ಡೈರಿ ಇಡಿ. ಬಂದ ಹೊತ್ತು, ಹೋದ ಹೊತ್ತು, ಆವತ್ತು ಏನು ಕೆಲಸ ಅಂತ ಒಂದು ಸಾಲು. ಬಸ್ ಟಿಕೆಟು, ರಾತ್ರಿ ಬಂದ ಮೆಸೇಜು ಎಸೆಯಬೇಡಿ. ಮೊದಲು ಮಾಲೀಕರಿಗೆ ಲೆಕ್ಕ ಬರೆದು ಕೊಡಿ. ಎಷ್ಟೋ ಕಡೆ ಅಲ್ಲೇ ಬಗೆಹರಿಯುತ್ತದೆ. ಆಗದಿದ್ದರೆ ನಿಮ್ಮ ಭಾಗದ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ. ಕಾರ್ಮಿಕ ಇಲಾಖೆಯ ಮುಖ್ಯ ಕಚೇರಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ.

ನಮ್ಮ ಹಳೇ ಪುಸ್ತಕ ಸರಿಯಿಲ್ಲ. ಈಗ ಕೂತು ತಿದ್ದಿ ಬರೆಸಲಾ?

ಬೇಡವೇ ಬೇಡ. ಹೊಸ ಶಾಯಿಯ ಹಳೇ ತಾರೀಖು ಎಲ್ಲಕ್ಕಿಂತ ದೊಡ್ಡ ತೊಂದರೆ. ಹಳೆಯದನ್ನು ಇದ್ದ ಹಾಗೇ ಇಡಿ. ನೌಕರರನ್ನು ಕೂರಿಸಿಕೊಂಡು ಎಷ್ಟು ಬಾಕಿ ಎಂದು ಮಾತಾಡಿ, ಲೆಕ್ಕ ಹಾಕಿ, ಬ್ಯಾಂಕ್ ಖಾತೆಗೆ ಹಾಕಿ, ಏತಕ್ಕೆಂದು ಬರೆದ ಚೀಟಿಗೆ ಸಹಿ ತೆಗೆದುಕೊಳ್ಳಿ. ನಾಳೆ ಬೆಳಿಗ್ಗೆಯಿಂದ ಹೊಸ ರಿಜಿಸ್ಟರ್ ಶುರು ಮಾಡಿ. ಬಾಗಿಲ ಹತ್ತಿರ ಒಂದು ಗಡಿಯಾರ, ಅದರ ಕೆಳಗೆ ಪುಸ್ತಕ, ದಾರ ಕಟ್ಟಿದ ಪೆನ್ನು. ದಾರ ಕಟ್ಟದಿದ್ದರೆ ಮೂರನೇ ದಿನಕ್ಕೆ ಪೆನ್ನು ಇರುವುದಿಲ್ಲ.